ಬೆನ್ನು ಮಣ್ಣಿಗೆ

ಕಸ್ತೂರಿಯ ಸರದಿ ಒಂಬತ್ತರಿಂದ ನಾಲ್ಕಕ್ಕೆ ಬಂದ ದಿನ ಓಣಿಯ ಹೆಂಗಸರು ಸಕ್ಕರೆ ತಂದರು. ಆ ಹೊತ್ತಿಗೆ ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳ ತುದಿಗಳು ಉಬ್ಬಿ ದುಂಡಗಾಗಿದ್ದವು. ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲಬೇಕಾಗುತ್ತಿತ್ತು. ಸಕ್ಕರೆ ತಂದವರಿಗೆ ಇದೆಲ್ಲ ಕಾಣಲಿಲ್ಲ ಎಂದೇನಲ್ಲ. ಕಂಡಿತು, ಅದಕ್ಕೇ ತಂದರು.

ಜನ ಇಂಥದಕ್ಕೆ ಒಗ್ಗಿಹೋಗಿದ್ದರು. ಯಕೃತ್ತನ್ನು ತೊಟ್ಟಿಯಲ್ಲಿ ಬೆಳೆಸಲು ಬರುತ್ತಿತ್ತು. ಒಂದು ಬಲಿಯಲು ಹೆಚ್ಚುಕಡಿಮೆ ಒಂದು ಬಸಿರಿನಷ್ಟು ಕಾಲ ಬೇಕು. ತೊಟ್ಟಿಗಳು ಕಡಿಮೆ, ಕಾಯುವವರು ಬಹಳ. ಯಾರಿಗೆ ಮೊದಲು ಎಂಬುದನ್ನು ಮೊದಮೊದಲು ಡಾಕ್ಟರರು ಹೇಳುತ್ತಿದ್ದರು, ಆಮೇಲೆ ಶಿಫಾರಸಿನವರು ಹೇಳತೊಡಗಿದರು, ಆಮೇಲೆ ಒಂದೆರಡು ಆಸ್ಪತ್ರೆಗಳ ಗಾಜು ಒಡೆದವು. ಕೊನೆಗೆ ಸರಕಾರ ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟಿತು. ರೋಗಿಯ ಕೊರಳೆಲುಬಿನ ಕೆಳಗೆ ಅಂಟಿಸಿದ ರೂಪಾಯಿಯಗಲದ ಒಂದು ಬಿಲ್ಲೆ. ಅದು ರಕ್ತದಲ್ಲಿ ಎಷ್ಟು ಆಮ್ಲಜನಕ ಇದೆ ಎಂದು ನೋಡುತ್ತ ಧಾರವಾಡದ ಸರದಿ ಕೇಂದ್ರಕ್ಕೆ ಹೇಳುತ್ತಲೇ ಇರುತ್ತದೆ. ಯಕೃತ್ತು ಕೆಟ್ಟು ಶ್ವಾಸಕೋಶಕ್ಕೂ ಪೆಟ್ಟು ಬಿದ್ದವರದು ಬೇರೆಯೇ ಸರದಿ. ದಿನದ ಅತಿ ಕೆಳಗಿನ, ಸ್ವಲ್ಪ ಹೊತ್ತು ಕದಲದೆ ನಿಂತ ಅಂಕಿ ಯಾರದೋ ಅವರು ಮುಂದೆ. ಆ ಅಂಕಿ, ಆ ಸರದಿ ಎರಡೂ ಮನೆಯ ಗೋಡೆಯ ಮೇಲಿನ ಅಂಗೈಯಗಲದ ಪರದೆಯಲ್ಲಿ ಮೂಡುತ್ತವೆ, ಅಂಕಿ ಇಳಿದಂತೆ ಹಸಿರು ಹಳದಿಯಾಗಿ ಕೆಂಪಾಗುತ್ತದೆ. ಉಸಿರು ಇಳಿದರೆ ಸರದಿ ಏರುತ್ತದೆ. ಮನೆಯವರು ಯಾವುದಕ್ಕೆ ಹರಕೆ ಹೊರಬೇಕು ಎಂದು ಯಾರೂ ಹೇಳಿರಲಿಲ್ಲ.

ಅಣ್ಣಿಗೇರಿಯಲ್ಲಿ ಅವಳನ್ನು ಎಲ್ಲರೂ ಪೈಲ್ವಾನ್ ಕಸ್ತೂರಿ ಎನ್ನುತ್ತಿದ್ದರು. ಹತ್ತಾರು ಊರಿನ ಕಣದಲ್ಲಿ ಕುಸ್ತಿ ಹಿಡಿದವಳು. ಚಿಕ್ಕವಳಿದ್ದಾಗಲೇ ಹೊಕ್ಕ ಯಾವುದೋ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಯಕೃತ್ತನ್ನು ತಿಂದು ಕಲ್ಲು ಮಾಡಿತ್ತು. ಒಂದು ಹನಿ ಸಾರಾಯಿ ಮುಟ್ಟದಿದ್ದರೂ ಹೊಸಬರು ಮೊದಲು ಕೇಳುತ್ತಿದ್ದದ್ದು ಅದನ್ನೇ. ಗಂಡ ಅಡಿವೆಪ್ಪ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹಿಟ್ಟಿನ ಧೂಳು ಒಳಗೆ ಬರದಂತೆ ಬಾಗಿಲಿಗೆ ಹಸಿ ಸೀರೆ ಕಟ್ಟಿದ್ದ.

ಅವಳ ರೋಗಕ್ಕೆ ಒಂದು ವಿಚಿತ್ರ ಗುಣವಿತ್ತು. ಉಬ್ಬಸದವರು ಮಲಗಲಾರದೆ ಎದ್ದು ಕೂರುತ್ತಾರೆ. ಇವಳಿಗೆ ಕೂತರೆ, ನಿಂತರೆ ಎದೆ ಬರಿದಾಗುತ್ತಿತ್ತು. ಅಂಗಾತ ಮಲಗಿದರೆ ಉಸಿರು ಮರಳುತ್ತಿತ್ತು. ಇದು ಅವಳಿಗೆ ಮೊದಲೇ ಗೊತ್ತಾಗಿತ್ತು. ಗೊತ್ತಿದ್ದೂ ಮಲಗುತ್ತಿರಲಿಲ್ಲ. ಗರಡಿಯಲ್ಲಿ ಎರಡೂ ಹೆಗಲು ಮಣ್ಣಿಗೆ ಹತ್ತಿದರೆ ಚಿತ್, ಅಂದರೆ ಸೋಲು. ಗಂಡನ ಮುಂದೆಯೂ ಅವಳು ಒಂದು ಮಗ್ಗುಲಾಗಿಯೇ ಮಲಗಿದವಳು. ನೋಡಲು ಬಂದವರು ಹೊಸ್ತಿಲು ದಾಟಿದರೆ ಗೋಡೆ ಹಿಡಿದು ಎದ್ದು ನಿಲ್ಲುವಳು, ಅವರು ಓಣಿಯ ತಿರುವು ದಾಟುವ ತನಕ ನಿಂತೇ ಇರುವಳು. ಬರುವವರೋ ಬಹಳ. ಹೀಗೆ ನಿಂತು ನಿಂತು ಅವಳು ನಾಲ್ಕನೆಯವಳಾಗಿದ್ದಳು.

ಒಂದು ಮಧ್ಯಾಹ್ನ ವಸ್ತಾದ ದಾವಲಸಾಬ ಬಂದ. ಗರಡಿಯಲ್ಲಿ ಕಲಿಸುವವನನ್ನು ಆ ಕಡೆ ವಸ್ತಾದ ಎನ್ನುತ್ತಾರೆ. ಮಣ್ಣಿಗೆ ಕಾಲಿಡಲು ಕಸ್ತೂರಿಗೆ ಕಲಿಸಿದವನು ಅವನೇ. ಈಗ ಮೊಣಕಾಲು ಮಡಚಲಾರದ ಮುದುಕ. ಕಿವಿಗಳು ಪಟ್ಟಿನಲ್ಲಿ ಸಿಕ್ಕು ಮುರುಟಿಹೋಗಿದ್ದವು. ಅವಳು ಎದ್ದಳು. ಅವನು ಕೂರು ಅಂದ, ಕೂರಲಿಲ್ಲ. ಮಲಗು ಅಂದ, ಕೇಳಿಸದವಳಂತೆ ಗಂಡನಿಗೆ ಚಹಾ ಇಡಲು ಹೇಳಿದಳು. ದಾವಲಸಾಬ ಅವಳ ತುಟಿಯ ಬಣ್ಣ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ನೆಲಕ್ಕೆ ಹಾಸಿದ. ಒಂದು ಕೈಯಲ್ಲಿ ಮಂಚದ ಕಾಲು ಹಿಡಿದು, ಇನ್ನೊಂದನ್ನು ಅಡಿವೆಪ್ಪನಿಗೆ ಕೊಟ್ಟು, ನರಳುತ್ತ ಅಂಗಾತ ಮಲಗಿದ. ಎರಡೂ ಹೆಗಲು ನೆಲಕ್ಕೆ.

"ನೋಡು, ನಾ ಚಿತ್ ಆದೆ," ಅಂದ. "ಇನ್ನ ನೀ ಮಕ್ಕೋ."

ಕಸ್ತೂರಿ ಅವನನ್ನೇ ನೋಡಿದಳು. ಅವನು ಬಿದ್ದದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಮಂಚದ ಮೇಲೆ ನಿಧಾನ ಒರಗಿ ಬೆನ್ನನ್ನು ಪೂರ್ತಿ ಊರಿದಳು. ಇಬ್ಬರೂ ತೊಲೆ ನೋಡುತ್ತ ಮಲಗಿದರು. ಅವಳ ಎದೆ ಒಂದೊಂದೇ ಅಂಗುಲ ಸಡಿಲಾಯಿತು. ಚಹಾ ಬರುವ ಹೊತ್ತಿಗೆ ತುಟಿಗೆ ಮಾಸಿದ ಕೆಂಪು ಬಂದಿತ್ತು.

"ವಸ್ತಾದ್ರ," ಅಂದಳು, ಎಲ್ಲೂ ನಿಲ್ಲದೆ. "ನಿಮ್ಮನ್ನ ಎಬ್ಬಸೂದು ಹ್ಯಾಂಗ?"

ಎಬ್ಬಿಸಲು ಅಡಿವೆಪ್ಪ ಪಕ್ಕದ ಮನೆಯವನನ್ನು ಕರೆಯಬೇಕಾಯಿತು.

ಅಂದಿನಿಂದ ಅವಳು ಬಂದವರನ್ನೆಲ್ಲ ಮಲಗಿಯೇ ಮಾತಾಡಿಸಿದಳು. ಊಟ ಸೇರಿತು. ಗೋಡೆಯ ಪರದೆಯಲ್ಲಿ ಮಾತ್ರ ಸರದಿ ನಾಲ್ಕರಿಂದ ಆರಕ್ಕೆ, ಆರರಿಂದ ಹನ್ನೊಂದಕ್ಕೆ ಇಳಿಯಿತು. ಅಡಿವೆಪ್ಪ ಗಿರಣಿ ನಿಲ್ಲಿಸಿದಾಗಲೆಲ್ಲ ಬಂದು ಅದನ್ನು ನೋಡುವನು, ಹೆಂಡತಿಯ ಮುಖ ನೋಡುವನು, ಮತ್ತೆ ಗಿರಣಿಗೆ ಹೋಗುವನು.

ಸರದಿ ಕೇಂದ್ರದಲ್ಲಿ ರೋಗಿಗಳ ಅಂಕಿ ನೋಡುವ ಕೆಲಸದ ವತ್ಸಲಾ ಕಮಡೊಳ್ಳಿಗೆ ಸರದಿಯ ಈ ಇಳಿತ ಸರಿ ಕಾಣಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯ ಗೋಡೆಯ ತುಂಬ ಗೆರೆಗಳು, ಒಬ್ಬೊಬ್ಬ ರೋಗಿಗೆ ಒಂದೊಂದು. ಹಸಿರು, ಹಳದಿ, ಕೆಂಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರತಿ ಗೆರೆಗೂ ಒಂದು ಮುಖ ಕಲ್ಪಿಸಿಕೊಳ್ಳುತ್ತಿದ್ದಳು. ಈಗ ಬಿಟ್ಟಿದ್ದಳು. ಮುಖಗಳು ಅಳಿಸಿಹೋದಾಗ ಮತ್ತೆ ಕಲ್ಪಿಸುವ ಶಕ್ತಿ ಉಳಿದಿರಲಿಲ್ಲ. ಆದರೂ ಈ ರೋಗದ ನಡೆ ಗೊತ್ತಿತ್ತು. ಆಮ್ಲಜನಕ ಒಮ್ಮೆ ಇಳಿಯತೊಡಗಿದರೆ ಹೊಸ ಯಕೃತ್ತು ಬರುವ ತನಕ ಇಳಿಯುತ್ತದೆ, ಏರುವ ಮಾತಿಲ್ಲ. ಅಣ್ಣಿಗೇರಿಯ ಗೆರೆ ಏರಿ ನಿಂತಿತ್ತು.

ಪಕ್ಕದ ಕುರ್ಚಿಯ ಹಿರಿಯ ಫಕ್ಕೀರೇಶ ರೊಟ್ಟಿ ಗಂಟು ಬಿಚ್ಚುತ್ತ, ದೇವರು ತಿಂಗಳಿಗೊಬ್ಬರ ಮೇಲಾದರೂ ಕಣ್ಣು ಬಿಡಲಿ ಬಿಡ್ರಿ ಮೇಡಂ, ಅದಕ್ಕೂ ನೀವು ತಕರಾರು ತಗೀಬ್ಯಾಡ್ರಿ ಎಂದ. ಬಿಲ್ಲೆ ಕೆಟ್ಟಿರಬೇಕು ಎಂದು ಅವಳು ಬರೆದಳು. ಅನುಮಾನ ಬಂದ ಬಿಲ್ಲೆಯನ್ನು ಮನೆಗೆ ಹೋಗಿ ಬದಲಿಸುವುದು ಅವರದೇ ಕೆಲಸ. ಮರುದಿನ ಪ್ಯಾಸೆಂಜರ್ ಗಾಡಿ ಹಿಡಿದು ಅಣ್ಣಿಗೇರಿಗೆ ಹೋದಳು.

ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಎಮ್ಮೆ ಬಂದಾಗ ಯಾರದೋ ಕಟ್ಟೆ ಹತ್ತಿ ನಿಲ್ಲಬೇಕಾಯಿತು. ಮನೆಯಲ್ಲಿ ಕಸ್ತೂರಿ ಅಂಗಾತ ಮಲಗಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಯಾರದೋ ಮದುವೆಯ ಜಗಳ ಹೇಳುತ್ತಿದ್ದಳು. ದಾವಲಸಾಬ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ವತ್ಸಲಾ ಹಳೆಯ ಬಿಲ್ಲೆ ತೆಗೆದು ಹೊಸದು ಹಚ್ಚಿದಳು. ಎರಡೂ ಒಂದೇ ಹೇಳಿದವು, ತೊಂಬತ್ತೆರಡು. ಬಿಲ್ಲೆ ಕೆಟ್ಟಿರಲಿಲ್ಲ. ಅಂಟು ಸರಿಯಾಗಿ ಕೂರಲೆಂದು ಸ್ವಲ್ಪ ಎದ್ದು ಕೂಡ್ರಿ ಎಂದಳು.

ಕಸ್ತೂರಿ ಕೂತಳು. ಅಂಕಿ ಇಳಿಯಿತು. ಅಂಟು ಒತ್ತಿಯಾದ ಮೇಲೂ ಇಳಿಯುತ್ತಲೇ ಇತ್ತು. ಎಂಬತ್ತರ ಕೆಳಗೆ ಹೋದಾಗ ವತ್ಸಲಾ ಅವಳ ಹೆಗಲು ಹಿಡಿದು ಬೇಗ ಮಲಗಿಸಿದಳು. ಅಂಕಿ ಏರಿತು.

ವತ್ಸಲಾ ಓದಿದ್ದ ವಿಷಯ. ಕಲ್ಲಾದ ಯಕೃತ್ತು ಸೋಸದೆ ಬಿಟ್ಟ ಏನೇನೋ ರಕ್ತದಲ್ಲಿ ಸೇರಿ ಶ್ವಾಸಕೋಶದ ಕೂದಲೆಳೆಯಂಥ ನಾಳಗಳನ್ನು ಹಿಗ್ಗಿಸುತ್ತವೆ. ಆ ಅಗಲವಾದ ದಾರಿಯಲ್ಲಿ ರಕ್ತ ಗಾಳಿಯನ್ನು ಮುಟ್ಟದೆ ಹಾದುಹೋಗುತ್ತದೆ. ನಾಳಗಳು ಹೆಚ್ಚು ಹಿಗ್ಗುವುದು ಶ್ವಾಸಕೋಶದ ಬುಡದಲ್ಲಿ. ಎದ್ದು ನಿಂತಾಗ ರಕ್ತ ಇಳಿಯುವುದೂ ಅಲ್ಲಿಗೇ. ಓದಿದ್ದಳು, ಆದರೆ ಗೋಡೆಯ ಮೇಲಿನ ಗೆರೆ ನಿಂತಿದೆಯೋ ಮಲಗಿದೆಯೋ ಎಂದು ಎಂದೂ ಕೇಳಿಕೊಂಡಿರಲಿಲ್ಲ. ಯಂತ್ರ ಕಟ್ಟಿದವರೂ ಕೇಳಿಕೊಂಡಿರಲಿಲ್ಲ. ದಿನದಲ್ಲಿ ಒಮ್ಮೆಯಾದರೂ ಮನುಷ್ಯ ನೆಟ್ಟಗೆ ಕೂತಿರುತ್ತಾನೆ ಎಂದು ಅವರು ನಂಬಿದ್ದರು. ಬಚ್ಚಲಿಗೆ ಹೋಗಿ ಬರುವಷ್ಟರ ಇಳಿತವನ್ನು ಯಂತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ನೀವು ಮಲಗಿದ್ದಕ್ಕ ಹಿಂದ ಬಿದ್ದೀರಿ," ಎಂದಳು ವತ್ಸಲಾ. ಹೇಳಿದ ಮೇಲೆ ಹೇಳಬಾರದಿತ್ತು ಎಂದು ನೆನಪಾಯಿತು. ಯಂತ್ರ ಹೇಗೆ ಎಣಿಸುತ್ತದೆ ಎಂದು ರೋಗಿಗಳಿಗೆ ತಿಳಿಸಿದವರು ನೌಕರಿಯಲ್ಲಿ ಉಳಿಯುವುದಿಲ್ಲ.

ಅಡಿವೆಪ್ಪ ಬಾಗಿಲಿನ ಹಸಿ ಸೀರೆ ಸರಿಸಿ ಒಳಗೆ ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು. ಇನ್ನೊಮ್ಮೆ ಹೇಳಿ ಎಂದ. ವತ್ಸಲಾ ಬಸ್ಸಿನ ಮಾತಿನಲ್ಲಿ ಹೇಳಿದಳು. ರಕ್ತ ಅನ್ನೂದು ಬಸ್ಸು, ಗಾಳಿ ಸ್ಟಾಪಿನಾಗ ನಿಂತ ಮಂದಿ. ರಸ್ತೆ ಅಗಲ ಆಗಿ ಬಸ್ಸು ನಿಲ್ಲದ ಹೋಗತದ, ಮಂದಿ ಅಲ್ಲೇ ಉಳೀತಾರ. ನಿಂತರೆ ಹಾಗೆ ಓಡುವ ಬಸ್ಸುಗಳೇ ಹೆಚ್ಚು. ಮಲಗಿದರೆ ಹಾಯಿ, ಆದರೆ ರೋಗ ಹಾಗೇ ಇರುತ್ತದೆ, ಬೆಳೆಯುತ್ತದೆ. ಮಲಗಿದರೂ ಸಾಲದ ದಿನ ಬರುತ್ತದೆ, ಅದು ದೂರವಿಲ್ಲ. ದಿನಾ ಒಂದಿಷ್ಟು ಹೊತ್ತು ಎದ್ದು ನಿಂತರೆ ಯಂತ್ರಕ್ಕೆ ಇದ್ದದ್ದು ಇದ್ದಂತೆ ಕಾಣುತ್ತದೆ.

ದಾವಲಸಾಬ ರುಮಾಲನ್ನು ಮಡಚಿ ಬಿಚ್ಚಿ ಮಾಡುತ್ತಿದ್ದ. ಮಲಗಿಸಿದವನು ತಾನೇ ಎಂದು ಹೇಳಲಿಲ್ಲ. ಹೇಳಬೇಕಾದವರಿಗೆಲ್ಲ ಗೊತ್ತಿತ್ತು.

ಕಸ್ತೂರಿ ಕೇಳಿದ್ದು ಬೇರೆ.

"ನಾ ಮುಂದ ಹೋದ್ರ ಯಾರೋ ಹಿಂದ ಬೀಳ್ತಾರಲ್ಲ. ಅವರು ಯಾರು?"

ಹೇಳಲು ಬರುವುದಿಲ್ಲ ಎಂದಳು ವತ್ಸಲಾ.

"ಜೋಡಿ ನೋಡದ ಕುಸ್ತಿ ಹಿಡದಾಕಿ ಅಲ್ಲ ನಾನು. ಅವರಿಗೂ ಗೊತ್ತೈತೇನು, ನಿಂದ್ರಬೇಕಂತ?"

"ಇಲ್ಲ."

"ಹಂಗಾದ್ರ ಇದು ಒಪ್ಪಂದದ ಕುಸ್ತಿ ಆತು, ಯಾರು ಗೆಲ್ಲತಾರಂತ ಮೊದಲ ಮಾತಾಡಿದ್ದು." ಕಸ್ತೂರಿ ಕಣ್ಣು ಮುಚ್ಚಿದಳು. "ಎಲ್ಲಾರಿಗೂ ಹೇಳ್ರಿ. ಆಮ್ಯಾಲೆ ನಾ ನಿಂದ್ರತೀನಿ."

ಅಡಿವೆಪ್ಪನಿಗೆ ಸಿಟ್ಟು ಬಂತು. ಸಾಯುವವಳಿಗೆ ಇದೆಲ್ಲ ಯಾಕೆ, ಎದುರಾಳಿಯ ಚಿಂತೆ ಮಾಡಲು ಇದೇನು ಕಣವೇ ಎಂದು ಒದರಿದ. ಒಬ್ಬೊಬ್ಬರಿಗೂ ಹೇಳಿದರೆ ಇವಳು ಎಲ್ಲಿ ಬಂದು ನಿಲ್ಲುತ್ತಾಳೋ ಯಾರು ಬಲ್ಲರು. ಬೆಂಬಲಕ್ಕೆಂದು ವಸ್ತಾದನ ಕಡೆ ನೋಡಿದ. ಎದುರಾಳಿಯನ್ನು ನೋಡಿಯೇ ಕುಸ್ತಿ ಹಿಡಿಯಬೇಕೆಂದು ಅವಳಿಗೆ ಹೇಳಿಕೊಟ್ಟವನು ಅವನೇ.

ಗಾಡಿಯಲ್ಲಿ ವಾಪಸು ಹೋಗುವಾಗ ವತ್ಸಲಾ ಏನೂ ನಿರ್ಧರಿಸಲಿಲ್ಲ. ನಿರ್ಧರಿಸಲಾರದಷ್ಟು ದಣಿದಿದ್ದಳು. ಮರುದಿನ ಕೆಲಸ ಮುಗಿದ ಮೇಲೆ ಮನೆಗೆ ಹೋಗಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಸರದಿಯ ಮೊದಲ ಹೆಸರಿಗೆ ತನ್ನ ಸ್ವಂತ ಫೋನಿನಿಂದ ಕರೆ ಮಾಡಿದಳು. ಆಮೇಲೆ ಎರಡನೆಯದಕ್ಕೆ. ಅನ್ನ ಸೀದು ವಾಸನೆ ಬಂದಾಗ ಆರನೆಯ ಮನೆಯವರು ಮಾತಾಡುತ್ತಿದ್ದರು.

ಮೊದಲನೆಯವನು ರಾಚಪ್ಪ, ವಿಜಯಪುರದ ಲಾರಿ ಮೆಕ್ಯಾನಿಕ್. ಇನ್ನೂ ಗ್ಯಾರೇಜಿಗೆ ಹೋಗಿ ಸ್ಟೂಲಿನ ಮೇಲೆ ಕೂತು ಇತರರಿಗೆ ಕೆಲಸ ಹೇಳುತ್ತಿದ್ದ. ಮಲಗಲು ಮನೆಯಲ್ಲಿ ಜಾಗ ಎಲ್ಲೈತ್ರಿ ಎಂದು ನಕ್ಕ. ಇಪ್ಪತ್ತರ ಆಚೆ ಎಲ್ಲೋ ಇದ್ದ ಸಿಂದಗಿಯ ಒಬ್ಬ ಹುಡುಗಿಯ ತಾಯಿ ಮಾತ್ರ ಅಭಿಮಾನದಿಂದ ಹೇಳಿದಳು: ಮಗಳನ್ನು ನಾನು ಏಳಗೊಡುವುದೇ ಇಲ್ಲ, ಊಟ ಸಹ ಮಲಗಿಸಿಯೇ. ಆ ತಾಯಿಗೆ ವಿಷಯ ತಿಳಿಸಲು ವತ್ಸಲಾಗೆ ಬಹಳ ಹೊತ್ತು ಬೇಕಾಯಿತು. ತಿಳಿದ ಮೇಲೆ ಆಕೆ ಅಳಲಿಲ್ಲ. ಎಷ್ಟು ಹೊತ್ತು ನಿಂದ್ರಸಬೇಕ್ರಿ ಎಂದಷ್ಟೇ ಕೇಳಿದಳು. ಸರದಿ ಈವರೆಗೆ ಅಳೆದದ್ದು ರೋಗವನ್ನಲ್ಲ. ಯಾರ ಮನೆಯಲ್ಲಿ ಎಷ್ಟು ಮಲಗಲು ಬಿಡುತ್ತಾರೆ ಎಂಬುದನ್ನು.

ಅಣ್ಣಿಗೇರಿಗೆ ಕೊನೆಗೆ ಫೋನ್ ಮಾಡಿ, ಎಲ್ಲರಿಗೂ ಹೇಳಿಯಾಯಿತು, ನಾಳೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಿಲ್ಲುತ್ತಾರೆ ಎಂದಳು. ಕಸ್ತೂರಿ ಹ್ಞೂಂ ಅಂದಳು. ಮರುದಿನ ಸಂಜೆ ದಾವಲಸಾಬ ಬಂದ. ಮಂಚದ ಪಕ್ಕ ನಿಂತು, ಹಿಂದೆ ಹುಡುಗಿಯರಿಗೆ ಕಣದಲ್ಲಿ ಹೇಳುತ್ತಿದ್ದ ಧ್ವನಿಯಲ್ಲಿ ಹೇಳಲು ನೋಡಿದ. ಬಂದದ್ದು ಮುದುಕನ ಧ್ವನಿ.

"ಏಳು ಮಗಳ."

ಅವಳು ಎದ್ದಳು. ಅವನ ಹಿಂಗತ್ತಿಗೆ ಕೈ ಹಾಕಿ, ಹಣೆಗೆ ಹಣೆ ಹಚ್ಚಿ, ಕುಸ್ತಿ ಶುರುವಾಗುವಾಗ ನಿಲ್ಲುವಂತೆ ನಿಂತಳು. ಅವನು ಅವಳ ಭಾರ ಹೊತ್ತ. ಅಡಿವೆಪ್ಪ ಪರದೆಯ ಮುಂದೆ ನಿಂತು ಬಣ್ಣ ಹೇಳಬೇಕು. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು, ಕೆಂಪು ಅಲ್ಲೇ ನಿಲ್ಲಬೇಕು. ಅವಳ ಮುಖದಲ್ಲೂ ಬಣ್ಣ ಬದಲಾಗುತ್ತಿತ್ತು. ದಾವಲಸಾಬ ಅದನ್ನು ನೋಡದಿರಲು ಕಣ್ಣು ಮುಚ್ಚಿಕೊಂಡ. ಆತು ಎಂದು ಅಡಿವೆಪ್ಪ ಅಂದದ್ದೇ ಇಬ್ಬರೂ ಸೇರಿ ಮಲಗಿಸಿದರು. ಅಡಿವೆಪ್ಪ ಹೋಗಿ ಗಿರಣಿ ಚಾಲೂ ಮಾಡಿದ. ಹಾಕಲು ಜೋಳ ಇರಲಿಲ್ಲ. ಬರಿ ಕಲ್ಲು ತಿರುಗಿತು.

ಧಾರವಾಡದಲ್ಲಿ ಆ ಸಂಜೆ ಗೋಡೆಯ ಗೆರೆಗಳು ಒಂದೊಂದಾಗಿ ಬಾಗಿದವು. ಮೊದಲು ಸಿಂದಗಿ, ಆಮೇಲೆ ಅಣ್ಣಿಗೇರಿ, ಕುಷ್ಟಗಿ, ರಾಯಬಾಗ. ದೀಪ ಹಚ್ಚುವ ಹೊತ್ತಿನಲ್ಲಿ ಮನೆಮನೆಗಳಲ್ಲಿ ಜನ ಯಾರದೋ ಕುತ್ತಿಗೆ, ಕಿಟಕಿಯ ಸರಳು, ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಲ್ಲುತ್ತಿದ್ದರು. ಗೋಡೆ ಪೂರ್ತಿ ಕೆಂಪಾಯಿತು. ಫಕ್ಕೀರೇಶ ಕುರ್ಚಿಯಿಂದ ಅರ್ಧ ಎದ್ದು, ಹಾಗೇ ಬಾಗಿ ನಿಂತ. ಸ್ವಲ್ಪ ಹೊತ್ತಿಗೆ ಗೆರೆಗಳು ಬಂದ ಸಾಲಿನಲ್ಲೇ ಹಸಿರಿಗೆ ಮರಳಿದವು.

"ಇದು ನಿಮ್ಮ ಕೆಲಸಾ?" ಎಂದು ಕೇಳಿದ.

ಹೌದೆಂದಳು.

"ನೌಕರಿ ಹೋಗತದ."

ಗೊತ್ತು ಎಂದಳು. ಅವನು ಮತ್ತೆ ಕೂತು, ತನ್ನ ಅಣ್ಣನೂ ಇದೇ ಗೋಡೆಯ ಮೇಲೆ ಇದ್ದ ಎಂದು ಹೇಳಿದ. ಹೆಂಡತಿ ಬಹಳ ಚೆನ್ನಾಗಿ ನೋಡಿಕೊಂಡಳಂತೆ, ಹಾಸಿಗೆಯಿಂದ ಇಳಿಯಗೊಡಲಿಲ್ಲವಂತೆ. ಆಮೇಲೆ ಆ ದಿನದ ಇಳಿತಕ್ಕೆ ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟ. ಮರುದಿನವೂ ಬಿಟ್ಟ. ಮೇಲಿನವರಿಗೆ ತಿಳಿಯುವ ತನಕ ಸಂಜೆಗಳು ಹಾಗೇ ನಡೆದವು. ತಿಳಿದ ಮೇಲೆ ವತ್ಸಲಾಳನ್ನು ನೆಲಮಾಳಿಗೆಯ ಗೋದಾಮಿಗೆ ಹಾಕಿದರು, ಹಳೆಯ ಬಿಲ್ಲೆಗಳನ್ನು ತೊಳೆದು ಒಣಗಿಸುವ ಕೆಲಸಕ್ಕೆ. ನಿಂತು ಅಳೆಯುವುದನ್ನು ನಿಯಮವಾಗಿಸಬೇಕೇ ಎಂದು ನೋಡಲು ಒಂದು ಸಮಿತಿ ಕೂತಿತು. ಜನ ಸಮಿತಿಗೆ ಕಾಯಲಿಲ್ಲ.

ಸಿಂದಗಿಯ ಹುಡುಗಿ ಎಲ್ಲರನ್ನೂ ದಾಟಿ ಮೊದಲನೆಯವಳಾದಳು. ರಾಚಪ್ಪ ಎರಡಕ್ಕೆ ಬಂದ. ಕಸ್ತೂರಿ ಏಳು. ಎಲ್ಲರಿಗೂ ಹೇಳದಿದ್ದರೆ ಅವಳು ಮೂರಕ್ಕೋ ನಾಲ್ಕಕ್ಕೋ ಬರುತ್ತಿದ್ದಳು. ಅಡಿವೆಪ್ಪ ಈ ಲೆಕ್ಕ ಒಮ್ಮೆ ಬಾಯಿಬಿಟ್ಟು ಹೇಳಿದ, ಮತ್ತೆ ಹೇಳಲಿಲ್ಲ. ಹುಡುಗಿಗೆ ಸಿಕ್ಕಿತು. ಕೆಲವರಿಗೆ ಸಿಕ್ಕಿತು, ಕೆಲವರು ಸಿಗದೆಯೇ ಸರದಿಯಿಂದ ಹೋದರು. ಎರಡೂ ತರದಲ್ಲಿ ಪರದೆಯ ಅಂಕಿ ಕಡಿಮೆಯಾಗುತ್ತಿತ್ತು. ಓಣಿಯವರು ಈಗ ಸಕ್ಕರೆ ತರುತ್ತಿರಲಿಲ್ಲ. ಸಂಜೆ ಆ ಹೊತ್ತಿಗೆ ತಮ್ಮ ಮಕ್ಕಳಿಗೆ ಗದ್ದಲ ಮಾಡಬೇಡಿ ಎನ್ನುತ್ತಿದ್ದರು, ಅಷ್ಟೇ.

ಕಸ್ತೂರಿ ಹಗುರಾಗುತ್ತ ಬಂದಳು. ಹೊಟ್ಟೆಯಲ್ಲಿ ನೀರು ತುಂಬಿ, ತೋಳು ಬಡಕಲಾಗಿ, ಕುತ್ತಿಗೆಗೆ ಹಾಕಿದ ಕೈ ಜಾರುತ್ತಿತ್ತು. ಕೊನೆಕೊನೆಗೆ ದಾವಲಸಾಬ ಅವಳ ಕೈಗಳನ್ನು ತನ್ನ ರುಮಾಲಿನಿಂದ ತನ್ನ ಕತ್ತಿನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಒಂದು ದಿನ ಅವನ ಮೊಣಕಾಲೇ ಕುಸಿದು ಇಬ್ಬರೂ ಮಂಚಕ್ಕೆ ಒರಗಿದರು.

"ವಸ್ತಾದ್ರ, ನೀವ ಮೊದಲ ಬಿದ್ರಿ," ಎಂದಳು, ಉಸಿರಿಗೆ ಬಾಯಿ ತೆರೆದು. ಅವನು ನಗಲಿಲ್ಲ. ಮರುದಿನ ಎಂದಿನ ಹೊತ್ತಿಗೆ ಬಂದ.

ಪರದೆ ಕೂಗಿದ್ದು ಒಂದು ಬೆಳಿಗ್ಗೆ. ಸರದಿಯ ಜಾಗದಲ್ಲಿ ಅಂಕಿಯೇ ಇರಲಿಲ್ಲ. ಯಕೃತ್ತು ಸಿದ್ಧ, ಹುಬ್ಬಳ್ಳಿಗೆ ಹೊರಡಿ ಎಂದಿತ್ತು. ಅಡಿವೆಪ್ಪ ಓದಿದ, ಬಾಗಿಲಿನ ಹಸಿ ಸೀರೆಯನ್ನು ಕಿತ್ತು ಮುಖ ಒರೆಸಿಕೊಂಡ.

ಆಂಬುಲೆನ್ಸು ಓಣಿಯ ಬಾಯಲ್ಲಿ ನಿಂತಿತು, ಒಳಗೆ ಬರುವಂತಿರಲಿಲ್ಲ. ಅದರವರು ಮಡಚುವ ಕುರ್ಚಿಯೊಂದನ್ನು ತಂದು ಕೂಡ್ರಿಸಿ ಒಯ್ಯುತ್ತೇವೆ ಎಂದರು. ಸ್ಟ್ರೆಚರ್ ಆ ತಿರುವಿನಲ್ಲಿ ಹೊರಳುವುದಿಲ್ಲವಂತೆ. ಕಸ್ತೂರಿ ಕುರ್ಚಿ ನೋಡಿದಳು.

"ಕುಂದ್ರಂಗಿಲ್ಲ," ಎಂದಳು. "ಇನ್ನ ಕುಂದ್ರೂದು ನಿಂದ್ರೂದು ಮುಗೀತು. ಮಕ್ಕೊಂಡ ಬರ್ತೀನಿ."

ದಾವಲಸಾಬ ಗರಡಿಗೆ ಹೇಳಿಕಳಿಸಿದ. ಐದಾರು ಪೈಲ್ವಾನರು ಬಂದು ಮಂಚದ ನಾಲ್ಕು ಕಾಲು ಹಿಡಿದರು. ತಿರುವಿನಲ್ಲಿ ಕಟ್ಟೆಗಳಿಗೆ ತಾಗಬಾರದೆಂದರೆ ಹೆಗಲಿಗೇರಿಸಬೇಕು. ಅಡಿವೆಪ್ಪ ಅಡ್ಡ ನಿಂತ. ಜೀವ ಇದ್ದವರನ್ನು ಹಾಗೆ ಒಯ್ಯಬಾರದು, ನೋಡಿದವರು ಏನು ತಿಳಿದಾರು ಎಂದ. ಬೇರೆ ದಾರಿ ಇರಲಿಲ್ಲ. ಅವನೇ ಸರಿದು, ಒಂದು ಕಾಲಿಗೆ ತಾನೂ ಹೆಗಲು ಕೊಟ್ಟ.

ಅವನು ಹೆದರಿದಂತೆಯೇ ಆಯಿತು. ಕಟ್ಟೆಯ ಮೇಲೆ ಕೂತವರು ಎದ್ದರು. ನೀರು ತರುತ್ತಿದ್ದವಳು ಕೊಡ ಇಳಿಸಿ ಗೋಡೆಗೆ ಸರಿದಳು. ಸೈಕಲ್ ಮೇಲೆ ಬಂದವನು ಇಳಿದು ಟೊಪ್ಪಿಗೆ ತೆಗೆದ. ಯಾವುದೋ ಮನೆಯೊಳಗಿಂದ ಅಳುವ ಧ್ವನಿ ಎದ್ದಿತು. ಮಂಚದ ಮೇಲಿನ ಕಸ್ತೂರಿಗೆ ಇದೇನೂ ಕಾಣದು. ಮೇಲೆ ತಂತಿಗಳು, ತಂತಿಗಳ ನಡುವೆ ಬಿಳಿಚಿದ ಆಕಾಶ. ಕುಸ್ತಿ ಗೆದ್ದಾಗ ಇದೇ ಓಣಿಯಲ್ಲಿ ಇದೇ ಎತ್ತರದಲ್ಲಿ ಅವಳು ಗುಲಾಲು ಮೆತ್ತಿಕೊಂಡು ಹೋಗಿದ್ದಳು, ಆಗ ಕೂತಿದ್ದಳು. ಅಳು ಕಿವಿಗೆ ಬಿತ್ತು. ಯಾರಿಗಾಗಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಬಲಗೈ ಎತ್ತಿ ತೊಡೆ ತಟ್ಟಿದಳು, ಕಣಕ್ಕಿಳಿದವರು ಎದುರಾಳಿಯನ್ನು ಕರೆಯುವಂತೆ. ಸದ್ದು ಬರಲಿಲ್ಲ, ಬಟ್ಟೆ ಕೊಡವಿದಂತಾಯಿತು. ಮುಂದೆ ಕೋಲೂರಿಕೊಂಡು ದಾರಿ ಬಿಡಿಸುತ್ತಿದ್ದ ದಾವಲಸಾಬ ಒಬ್ಬನೇ ಅದನ್ನು ಕೇಳಿದ.

"ಇನ್ನೊಮ್ಮೆ," ಎಂದ, ಹಿಂದಿರುಗಿ ನೋಡದೆ.

ಅವಳು ಉಸಿರು ಕೂಡಿಸಿಕೊಂಡಳು. ಬೆನ್ನು ಪೂರ್ತಿ ಹಾಸಿಗೆಗೆ ಊರಿತ್ತು, ಎರಡೂ ಹೆಗಲು. ಕೈ ಮೇಲೆ ಹೋಯಿತು, ಬಿತ್ತು. ಈ ಸಲ ಓಣಿಗೆ ಕೇಳಿಸಿತು. ಅಳು ಅರ್ಧಕ್ಕೆ ನಿಂತಿತು. ಸೈಕಲ್‌ನವನು ಕೈಯಲ್ಲಿದ್ದ ಟೊಪ್ಪಿಗೆಯನ್ನು ಒಂದು ಗಳಿಗೆ ನೋಡಿ ಮತ್ತೆ ತಲೆಗಿಟ್ಟುಕೊಂಡ.